ಹಾಲು, ಪಾಲು ಮತ್ತು ಪಾಯಸ

ಸಂಸ್ಕೃತದಲ್ಲಿ ‘ಪಯಸ್’ ಎಂದರೆ ಹಾಲು, ಹಾಲಿನಿಂದಾದುದು ಪಾಯಸ. ಉತ್ತರ ಭಾರತದ ‘ಖೀರ್’ ಕೂಡ ‘ಕ್ಷೀರ’ದಿಂದ ಬಂದುದೇ. ಹಳಗನ್ನಡದಲ್ಲಿ ಹಾಲಿಗೂ ಹಂಚಿಕೆಯ ಭಾಗಕ್ಕೂ ‘ಪಾಲ್’ ಎಂಬ ಒಂದೇ ರೂಪವಿದ್ದಿತು. ಮುಂದೆ ಮೊದಲನೆಯದು ಹಾಲಾಯಿತು, ಎರಡನೆಯದು ಪಾಲಾಗಿಯೇ ಉಳಿಯಿತು. ಇವೆರಡೂ ಬೇರೆ ಬೇರೆ ಶಬ್ದಗಳು. ಸಾಮ್ಯವಿರುವುದು ಧ್ವನಿಯಲ್ಲಿ ಮಾತ್ರ. ಆದರೂ ಪಾಯಸದ ಚರಿತ್ರೆಯನ್ನು ಅರಸಹೊರಟವರಿಗೆ ಪಾಕವಿಧಾನಕ್ಕಿಂತ ಪಾಲಿನ ಪ್ರಶ್ನೆಯೇ ಮುಖ್ಯವಾಗಿ ಎದುರಾಗುತ್ತದೆ. ಯಾರಿಗೆ, ಎಷ್ಟು ಸಂದಿತು ಎಂಬುದೇ ಆ ಪ್ರಶ್ನೆ.

ಪ್ರಾಚೀನ ಗ್ರಂಥಗಳಲ್ಲಿ ಹಾಲನ್ನವು ಸಂತಾನದ ಬಯಕೆಯೊಂದಿಗೆ ಬೆಸೆದುಕೊಂಡಿದೆ. ಬೃಹದಾರಣ್ಯಕ ಉಪನಿಷತ್ತು ಒಂದು ವೇದವನ್ನು ಬಲ್ಲ ಮಗನನ್ನು ಬಯಸುವ ದಂಪತಿಗಳಿಗೆ ತುಪ್ಪ ಬೆರೆಸಿದ ಕ್ಷೀರೌದನವನ್ನು ವಿಧಿಸುತ್ತದೆ. ಪಂಡಿತೆಯಾದ ಮಗಳನ್ನು ಬಯಸುವವರಿಗೆ ಎಳ್ಳನ್ನವನ್ನು ಹೇಳುತ್ತದೆ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ದಶರಥನು ಯಜ್ಞದ ಪಾಯಸದ ಅರ್ಧವನ್ನು ಕೌಸಲ್ಯೆಗೆ ಕೊಡುತ್ತಾನೆ. ಉಳಿದುದರಲ್ಲಿ ಅರ್ಧ ಸುಮಿತ್ರೆಗೆ, ಮತ್ತೆ ಉಳಿದುದರ ಅರ್ಧ ಕೈಕೇಯಿಗೆ. ಶೇಷವು ಪುನಃ ಸುಮಿತ್ರೆಗೆ ಸಲ್ಲುತ್ತದೆ. ದೈವದತ್ತವಾದ ಪಾಯಸವೂ ಸಮಪಾಲಾಗಲಿಲ್ಲ. ಬೌದ್ಧರ ನಿದಾನಕಥೆಯಲ್ಲಿ ಮಗನನ್ನು ಪಡೆದ ಸುಜಾತೆ ಆಲದ ಮರಕ್ಕೆ ಹೊತ್ತ ಹರಕೆಯ ಪಾಯಸವನ್ನು ಸಿದ್ಧಾರ್ಥನಿಗೆ ಅರ್ಪಿಸುತ್ತಾಳೆ. ಆತ ಅದನ್ನು 49 ತುತ್ತುಗಳಾಗಿ ಉಣ್ಣುತ್ತಾನೆ. ದೇವರಿಗೆ ಅರ್ಪಿಸದೆ ವೃಥಾ ಬೇಯಿಸಿದ ಪಾಯಸವನ್ನು ಉಣ್ಣಬಾರದೆಂದು ಮನುಸ್ಮೃತಿ ನಿಷೇಧಿಸುತ್ತದೆ. ತನಗಾಗಿ ಮಾತ್ರ ಬೇಯಿಸುವ ಆಹಾರ ಇದಲ್ಲ ಎಂಬ ಗ್ರಹಿಕೆ ಇಲ್ಲಿ ಸ್ಪಷ್ಟವಾಗಿದೆ.

ಕನ್ನಡದಲ್ಲಿ 11ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ ಪಾಕಶಾಸ್ತ್ರಕ್ಕೆ ಎಡೆಕೊಟ್ಟಿದೆ. 16ನೆಯ ಶತಮಾನದ ಮಂಗರಸನ ‘ಸೂಪಶಾಸ್ತ್ರ’ದಲ್ಲಿ ‘ಕಳಮಾನ್ನಪಾಕ’ವೆಂಬ ಅಧ್ಯಾಯವೇ ಇದೆ. ಕಳಮೆ ಎಂಬುದು ಉತ್ತಮ ತಳಿಯ ಭತ್ತ. ಇವು ಅಕ್ಕಿ, ಹಾಲು, ತುಪ್ಪಗಳಿಗೆ ಕೊರತೆಯಿಲ್ಲದ ಮನೆಗಳನ್ನು ಕುರಿತ ಕೃತಿಗಳು. ಇವುಗಳನ್ನಷ್ಟೇ ಆಧರಿಸಿ ನಾಡಿನ ಆಹಾರ ಚರಿತ್ರೆಯನ್ನು ಬರೆದರೆ ರಾಗಿ, ಜೋಳ ಉಂಡು ಬದುಕಿದ ಬಹುಸಂಖ್ಯಾತರು ಅದರಿಂದ ಹೊರಗುಳಿಯುತ್ತಾರೆ.

ಮೈದಾನ ಸೀಮೆಯ ಬಡ ಒಕ್ಕಲಿನ ಮನೆಗಳಲ್ಲಿ ಅಕ್ಕಿಯ ಅನ್ನವೇ ಹಬ್ಬದೂಟವಾಗಿದ್ದಿತು. ಆದರೆ ಆ ಜನ ಪಾಯಸವನ್ನು ಬಿಡಲಿಲ್ಲ. ಅದರ ಅರ್ಥವನ್ನೇ ಹಿಗ್ಗಿಸಿದರು. ಕಡಲೆಬೇಳೆ, ಹೆಸರುಬೇಳೆ, ನವಣೆಗಳು ಅಕ್ಕಿಯ ಸ್ಥಾನಕ್ಕೆ ಬಂದವು; ಸಿಹಿಗೆ ಬೆಲ್ಲವಾಯಿತು. ಕರಾವಳಿಯಲ್ಲಿ ಹಸುವಿನ ಹಾಲಿನ ಬದಲಿಗೆ ಕಾಯಿಹಾಲು ಬಂದಿತು. ನಿರುಕ್ತಿಯಂತೆ ಹಾಲಿಲ್ಲದ ಪಾಯಸವೆಂಬ ಮಾತೇ ವಿರೋಧಾಭಾಸ. ಜನಬಳಕೆಯಲ್ಲಿ ಅದು ಸಹಜ. ಇದನ್ನು ಅಪಭ್ರಂಶವೆನ್ನುವುದಕ್ಕಿಂತ, ಪಾಲು ಸಿಗದವರು ಭಾಷೆಯ ಮೂಲಕ ಪಡೆದುಕೊಂಡ ಪಾಲು ಎನ್ನುವುದು ಹೆಚ್ಚು ಸರಿ. ಉತ್ತರ ಕರ್ನಾಟಕದ ಮಠಗಳ ಜಾತ್ರೆಗಳಲ್ಲಿ ದಾಸೋಹಕ್ಕೆ ಬಡಿಸುವ ಗೋಧಿಹುಗ್ಗಿಯನ್ನೂ ಈ ಸಾಲಿನಲ್ಲಿಯೇ ಇಟ್ಟು ನೋಡಬೇಕು.

ಆಚರಣೆಗಳಲ್ಲಿ ಈ ಹಂಚಿಕೆ ಇನ್ನಷ್ಟು ವಿಸ್ತಾರವಾದುದು. ಕೊಡಗಿನ ಹುತ್ತರಿಯಲ್ಲಿ ಹೊಸ ಕದಿರಿನ ಅಕ್ಕಿಯನ್ನು ಬೆರೆಸಿದ ಪಾಯಸವನ್ನು ಮನೆಯವರೆಲ್ಲ ಕೂಡಿ ಉಣ್ಣುತ್ತಾರೆ. ಕೂಸಿನ ಅನ್ನಪ್ರಾಶನಕ್ಕೆ ಪಾಯಸ. ಸತ್ತವರ ಸಮಾಧಿಗೆ ಹಾಲು–ತುಪ್ಪ. ಹೀಗೆ ಹುಟ್ಟಿದವರಿಗೂ ಅಳಿದವರಿಗೂ ಪಾಲಿದೆ. ಆದರೆ ಬದುಕಿರುವವರ ನಡುವಿನ ಪಂಕ್ತಿಭೇದವನ್ನು ಮರೆಯುವಂತಿಲ್ಲ. ಕೊನೆಯ ಪಂಕ್ತಿಯವರ ಎಲೆಗೆ, ಪಂಕ್ತಿಯ ಹೊರಗೆ ನಿಂತವರ ಕೈಗೆ ಬಂದದ್ದು ಏನೆಂಬುದನ್ನು ಯಾವ ಸೂಪಶಾಸ್ತ್ರವೂ ಹೇಳುವುದಿಲ್ಲ.

2013ರಲ್ಲಿ ಕರ್ನಾಟಕ ಸರ್ಕಾರವು ಬಡ ಕುಟುಂಬಗಳ ಪಡಿತರಕ್ಕೆ ‘ಅನ್ನಭಾಗ್ಯ’ವನ್ನೂ ಶಾಲೆ, ಅಂಗನವಾಡಿಗಳ ಮಕ್ಕಳಿಗೆ ‘ಕ್ಷೀರಭಾಗ್ಯ’ವನ್ನೂ ಆರಂಭಿಸಿತು. ಉಪನಿಷತ್ತಿನ ಕ್ಷೀರೌದನದ ಎರಡೂ ಘಟಕಗಳು ಹೀಗೆ ಪ್ರಜೆಗಳ ಹಕ್ಕಿನ ಪರಿಧಿಯೊಳಗೆ ಬಂದವು. ‘ಭಾಗ್ಯ’ವೆಂಬುದನ್ನು ನಾವು ಅದೃಷ್ಟವೆಂದು ಅರ್ಥೈಸುತ್ತೇವೆ, ಆದರೆ ಅದರ ಮೂಲದಲ್ಲಿರುವುದು ‘ಭಾಗ’, ಅಂದರೆ ಪಾಲು. ಪಾಯಸವನ್ನು ಕುರಿತ ಜಾನಪದ ಅಧ್ಯಯನವು ರುಚಿಯ ವೈವಿಧ್ಯಗಳ ಪಟ್ಟಿಯಲ್ಲಿಯೇ ನಿಲ್ಲದೆ, ಈ ಪಾಲಿನ ಚರಿತ್ರೆಯನ್ನು ಕಟ್ಟಿಕೊಡುವತ್ತ ಸಾಗಬೇಕಾಗಿದೆ.