ಕದಿರಿನ ಓರೆ

ಖಾದಿಯ ಚರಿತ್ರೆಯನ್ನು ಬರೆದವರು ನೂತವರನ್ನು ನೆನೆದಿದ್ದಾರೆ, ನೇಯ್ದವರನ್ನು ನೆನೆದಿದ್ದಾರೆ; ರಾಟೆಯನ್ನು ಸುಸ್ಥಿತಿಯಲ್ಲಿಟ್ಟವರ ಮಾತು ಅಲ್ಲಿ ಅಪರೂಪ. ಕದಿರು ಓರೆಯಾದರೆ ಎಂಥ ದೇಶಭಕ್ತರ ಕೈಯಲ್ಲಿಯೂ ಎಳೆ ಕಡಿಯುತ್ತದೆ.

ನಮ್ಮ ನಗರಗೆರೆಯ ಸೀಮೆಗೆ ಇದು ದೂರದ ವಿಷಯವಲ್ಲ. 1927ರ ಬೇಸಗೆಯಲ್ಲಿ ಗಾಂಧೀಜಿಯವರು ಅಸ್ವಸ್ಥರಾಗಿ ಬಂದು ತಂಗಿದ್ದುದು ಸಮೀಪದ ನಂದಿಬೆಟ್ಟದಲ್ಲಿ. 1938ರ ಏಪ್ರಿಲ್ 25ರಂದು ಪೊಲೀಸರ ಗುಂಡಿಗೆ ಜನ ಬಲಿಯಾದ ವಿದುರಾಶ್ವತ್ಥ ನಮ್ಮ ಗೌರಿಬಿದನೂರು ತಾಲ್ಲೂಕಿನದೇ. ಸತ್ತವರೆಷ್ಟು ಎಂಬಲ್ಲಿ ಸರ್ಕಾರದ ಲೆಕ್ಕವೂ ಜನರ ಲೆಕ್ಕವೂ ಒಂದಾಗಲಿಲ್ಲ. ಅಂದಿನ ಕಾಂಗ್ರೆಸ್ಸಿನ ಬಾವುಟದ ನಡುವೆ ಇದ್ದುದು ಚರಕ. ಬಾವುಟದ ಚರಕಕ್ಕೆ ಎಣ್ಣೆ ಬೇಡ. ಮನೆಯ ಚರಕಕ್ಕೆ ಬೇಕು.

ನಾನು ಬಾಲ್ಯದಲ್ಲಿ ಕಂಡ ಆರೈಕೆ ಹೀಗಿತ್ತು. ಚಕ್ರವನ್ನು ತಿರುಗಿಸಿ ಕದಿರಿನ ತುದಿಯನ್ನೇ ದಿಟ್ಟಿಸಬೇಕು. ತುದಿ ನಿಶ್ಚಲವಾಗಿ ಕಂಡರೆ ಸರಿ, ನಡುಗಿದರೆ ಕದಿರು ಬಾಗಿದೆ. ತಿರುಗುವ ಕದಿರಿಗೆ ಸೀಮೆಸುಣ್ಣವನ್ನು ಮೆಲ್ಲನೆ ತಾಗಿಸಿದರೆ ಉಬ್ಬಿದ ಕಡೆ ಗುರುತು ಬೀಳುತ್ತದೆ. ಆ ಕಡೆಯನ್ನು ಮೇಲಕ್ಕಿಟ್ಟು, ಮರದ ದಿಮ್ಮಿಯ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಬೇಕು. ಹೊಡೆಯಬಾರದು, ತಟ್ಟಬೇಕು. ಚಕ್ರದಿಂದ ಕದಿರಿಗೆ ಹಾಯುವ ಹುರಿ ಸಡಿಲವಾದರೆ ಜಾರುತ್ತದೆ, ಬಿಗಿಯಾದರೆ ಕೈ ಸೋಲುತ್ತದೆ. ಅದಕ್ಕೆ ಮೇಣ, ರಾಳಗಳನ್ನು ಸವರಿ ಹಿಡಿತ ಬರಿಸುತ್ತಿದ್ದರು. ಎಣ್ಣೆಯೇನಿದ್ದರೂ ಕದಿರು ತಿರುಗುವ ಕಡೆಗೆ, ಅದೂ ಒಂದೇ ತೊಟ್ಟು. ಹುರಿಗೆ ತಾಗಿತೋ, ಅಂದಿನ ನೂಲು ಮುಗಿದಂತೆಯೇ!

ಈ ಆರೈಕೆಯ ತೂಕವನ್ನು ಗಾಂಧೀಜಿಯವರು ಚೆನ್ನಾಗಿ ಬಲ್ಲವರಾಗಿದ್ದರು. ಅಖಿಲ ಭಾರತ ಚರಕ ಸಂಘವು 1929ರಲ್ಲಿ ಉತ್ತಮ ಚರಕವೊಂದಕ್ಕೆ ಒಂದು ಲಕ್ಷ ರೂಪಾಯಿಗಳ ಬಹುಮಾನವನ್ನು ಸಾರಿತು. ಯಂತ್ರದ ಬೆಲೆ 150 ರೂಪಾಯಿ ಮೀರಕೂಡದು. ಹಳ್ಳಿಯ ಗುಡಿಸಲಿನಲ್ಲಿ ಕೈಯಿಂದಲೋ ಕಾಲಿನಿಂದಲೋ ನಡೆಯಬೇಕು. ಇಪ್ಪತ್ತು ವರ್ಷ ಬಾಳಬೇಕು. ಸವೆದ ಭಾಗಗಳನ್ನು ಬದಲಿಸುವ ವಾರ್ಷಿಕ ವೆಚ್ಚ ಬೆಲೆಯ ನೂರಕ್ಕೆ ಐದನ್ನು ದಾಟಕೂಡದು. ನನಗೆ ಈ ಕೊನೆಯ ನಿಬಂಧನೆಯೇ ಮುಖ್ಯವೆನಿಸುತ್ತದೆ. ಹೆಚ್ಚು ನೂಲು ತೆಗೆಯುವ ಯಂತ್ರವನ್ನು ಕೇಳುವುದು ಸುಲಭ. ಅದು ಕೆಟ್ಟ ದಿನ ಬಡವಳ ಗಂಟಿನಿಂದ ಎಷ್ಟು ಹೋದೀತೆಂದು ಮುಂದಾಗಿ ಎಣಿಸುವವರು ವಿರಳ.

ಆ ಬಹುಮಾನ ಯಾರಿಗೂ ಸಲ್ಲಲಿಲ್ಲ. ಸ್ವಾತಂತ್ರ್ಯದ ಬಳಿಕ ಹಲವು ಕದಿರುಗಳ ಅಂಬರ ಚರಕ ಬಂದಿತು. ನೂಲೇನೋ ಹೆಚ್ಚಿತು; ಜೊತೆಗೆ ಉರುಳೆಗಳು, ಹಲ್ಲಿನ ಚಕ್ರಗಳೂ ಬಂದವು. ಅವು ಸವೆದರೆ ಸೀಮೆಸುಣ್ಣ, ಸುತ್ತಿಗೆಗಳು ಸಾಲವು. ಕುಶಲ ಕೆಲಸಗಾರನ ಬರವನ್ನು ಕಾಯಬೇಕು.