ಒಳಸಂಬಂಧದ ಮದುವೆ ಮತ್ತು ಮಕ್ಕಳ ಆರೋಗ್ಯ

ಕೊಕ್ಕನೂರು, ಹರಿಹರ, ದಾವಣಗೆರೆ ಸೀಮೆಯಲ್ಲಿ ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವುದು ಹಳೆಯ ರೂಢಿ. ಗೊತ್ತಿದ್ದ ಮನೆ, ಆಸ್ತಿ ಒಡೆಯುವುದಿಲ್ಲ, ಮಗಳು ಕಣ್ಣೆದುರಿಗೇ ಇರುತ್ತಾಳೆ ಎಂಬುದು ಹಿರಿಯರ ಲೆಕ್ಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರರಲ್ಲಿ ಸುಮಾರು 27 ಮದುವೆಗಳು ರಕ್ತಸಂಬಂಧದೊಳಗೇ ಆದವು. ದೇಶದ ಸರಾಸರಿ 11. ಕನ್ನಡ ದಿಗಂಬರ ಜೈನರಲ್ಲೂ ಸೋದರಿಕೆ ಉಂಟು. ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯ್ದೆ ಇಂಥ ಹತ್ತಿರದ ಸಂಬಂಧವನ್ನು ನಿಷೇಧಿಸಿ, ರೂಢಿ ಇದ್ದವರಿಗೆ ಮಾತ್ರ ವಿನಾಯಿತಿ ಕೊಟ್ಟಿದೆ.

ವಂಶವಾಹಿಗಳನ್ನು ಹದಿನಾರಾಣೆ ಎಂದುಕೊಂಡರೆ ಸೋದರಮಾವ–ಸೋದರಸೊಸೆಗೆ ಸರಾಸರಿ ನಾಲ್ಕಾಣೆ ಸಮಾನ, ಅತ್ತೆ–ಮಾವನ ಮಕ್ಕಳಿಗೆ ಎರಡಾಣೆ. ಪ್ರತಿಯೊಬ್ಬರಲ್ಲೂ ಕೆಲವು ದೋಷದ ವಂಶವಾಹಿಗಳು ಅಡಗಿರುತ್ತವೆ. ಜೋಡಿಯಲ್ಲಿ ಇನ್ನೊಂದು ಸರಿಯಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಗಂಡ–ಹೆಂಡತಿ ಇಬ್ಬರಲ್ಲೂ ಅದೇ ದೋಷವಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಮೊದಲ ಮಗುವಿಗೆ ಬಂದುಹೋಯಿತು, ಇನ್ನು ಮೂರಕ್ಕೆ ಭಯವಿಲ್ಲ ಎನ್ನುವುದು ತಪ್ಪು ಲೆಕ್ಕ. ಇಂಥ ದೋಷದಿಂದ ಮಗು ಹುಟ್ಟು ಕಿವುಡಾದಾಗ ಸೊಸೆಯೊಬ್ಬಳನ್ನೇ ದೂರುವುದಂತೂ ಶುದ್ಧ ಅನ್ಯಾಯ. ದೋಷ ಎರಡೂ ಕಡೆಯಿಂದ ಬಂದಿರುತ್ತದೆ.

ಸಂಬಂಧವಿಲ್ಲದ ದಂಪತಿಗಳ ನೂರು ಮಕ್ಕಳಲ್ಲಿ 2–3 ಮಕ್ಕಳಿಗೆ ಹುಟ್ಟಿನಿಂದ ಗಂಭೀರ ದೋಷವಿದ್ದರೆ, ಅತ್ತೆ–ಮಾವನ ಮಕ್ಕಳ ಮದುವೆಯಲ್ಲಿ ಅದು ಸುಮಾರು 4–6. ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ, ನಿಜ. ಮಾವ–ಸೊಸೆ ಮದುವೆಯಲ್ಲಿ, ಅದೂ ತಲೆತಲಾಂತರದಿಂದ ಅದೇ ಮನೆಗಳ ನಡುವೆ ಕೊಟ್ಟು ತಂದಿದ್ದರೆ, ಅಪಾಯ ಇನ್ನೂ ಹೆಚ್ಚು.

ಗೋತ್ರ ಬಿಟ್ಟು ಮದುವೆಯಾದರೆ ಚಿಂತೆಯೇ ಇಲ್ಲ ಎಂದೂ ಅಲ್ಲ. ಅಗರ್ವಾಲರಲ್ಲಿ ಸಗೋತ್ರ ಮದುವೆ ಇಲ್ಲ. ಆದರೂ ಮಗುವಿನ ತಲೆ ದೊಡ್ಡದಾಗಿ ಕ್ರಮೇಣ ನಡಿಗೆ ಕುಂದುವ ಒಂದು ಮಿದುಳಿನ ಕಾಯಿಲೆ ಆ ಸಮುದಾಯದಲ್ಲಿ ಹೆಚ್ಚಾಗಿ ಕಂಡಿದೆ. ಪೂರ್ವಜರೊಬ್ಬರಿಂದ ಇಳಿದುಬಂದ ಒಂದೇ ವಂಶವಾಹಿ ದೋಷ ಅದಕ್ಕೆ ಕಾರಣ. ಸಣ್ಣ ಸಮಾಜ ಶತಮಾನಗಳ ಕಾಲ ತನ್ನೊಳಗೇ ಕೊಡು–ಕೊಳ್ಳು ಮಾಡಿದರೆ ದೂರದವರೂ ನೆಂಟರೇ ಆಗಿಬಿಡುತ್ತಾರೆ.

ರಕ್ತದ ಗುಂಪು ಬೇರೆಯಾದರೆ ಸಾಕು ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ರಕ್ತದ ಗುಂಪಿಗೂ ಈ ಕಾಯಿಲೆಗಳಿಗೂ ಸಂಬಂಧವಿಲ್ಲ. ಜಾತಕ ನೋಡುವ ಹೊತ್ತಿಗೆ ಎರಡೂ ಮನೆಗಳಲ್ಲಿ ಕಿವುಡು, ಬುದ್ಧಿಮಾಂದ್ಯ, ಎಳೆಗೂಸಿನ ಸಾವು ಇದ್ದವೇ ಎಂದು ಬಿಚ್ಚಿ ಕೇಳಬೇಕು. ಥಲಸ್ಸೇಮಿಯಾ ವಾಹಕರೇ ಎಂಬುದು ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಈಗಾಗಲೇ ಮದುವೆಯಾದವರು ಬಸಿರಿಗೆ ಮೊದಲೇ ವಂಶವಾಹಿ ತಜ್ಞರ ಸಲಹೆ ಪಡೆಯಬಹುದು. ಹುಟ್ಟಿದ ಮಗುವಿನ ಕಿವಿ ಪರೀಕ್ಷೆಯನ್ನು ಮೊದಲ ತಿಂಗಳಲ್ಲೇ ಮಾಡಿಸಬೇಕು. ಬೇಗ ಗೊತ್ತಾದರೆ ಶ್ರವಣ ಸಾಧನ, ಮಾತಿನ ತರಬೇತಿ ಕೊಡಿಸಿ ಮಗುವಿಗೆ ಮಾತು ಕಲಿಸಲು ಸಾಧ್ಯ.