ನಮ್ಮ ಮನೀ ಬ್ಯೋಮಕೇಶ, ಸಿನಿಮಾದ ಬ್ಯೋಮಕೇಶ

ಹೋದ ವಾರ ಹಳೇ ಕೌದಿಗೋಳ ಗಂಟು ಬಿಚ್ಚಿ ಅಂಗಳದಾಗ ಬಿಸಲಿಗೆ ಹಾಕಿದ್ದೆ. ಅದರಾಗ ಒಂದು ಕೌದಿ ಮೂಲ್ಯಾಗ ಬ್ಯಾರೆ ಬಣ್ಣದ ದಾರದ ಹೊಲಿಗಿ ಐತಿ. ಮಗಳು ನೋಡಿ, "ಅವ್ವಾ, ಇಲ್ಲೆ ಯಾಕ ಹಿಂಗ ಸೊಟ್ಟಾಪಟ್ಟಿ ಹೊಲದಿ?" ಅಂದ್ಲು. "ಅದು ಬರೇ ಹೊಲಿಗಿ ಅಲ್ಲವಾ, ಒಂದು ಪತ್ತೇದಾರಿ ಕಥಿ ಐತಿ" ಅಂದೆ. ಆ ಕಥಿ ನಿಮಗೂ ಹೇಳತೀನ್ರಿ ಅಕ್ಕಾರ, ಆದ್ರ ಅದಕ್ಕಿಂತ ಮೊದಲ ಬ್ಯೋಮಕೇಶನ ಸುದ್ದಿ ಹೇಳಬೇಕು. ಅವನಿಲ್ಲದ ಈ ಕಥಿ ಆಗತಿದ್ದಿಲ್ಲ.

1993ನೇ ಇಸವಿ. ನಾ ಮದುವ್ಯಾಗಿ ಖಾನಾಪುರಕ್ಕ ಬಂದು ಭಾಳ ದಿನ ಆಗಿರಲಿಲ್ಲ. ಮನ್ಯಾಗ ಕಪ್ಪು-ಬಿಳುಪು ಟಿವಿ, ಹಂಚಿನ ಮ್ಯಾಲೆ ಆಂಟೆನಾ. ಗಾಳಿ ಬಿಟ್ಟರ ಚಿತ್ರ ಹೋಗತಿತ್ತು, ಮೈದುನ ಮ್ಯಾಲೆ ಹತ್ತಿ ತಿರುವಬೇಕು, ನಾವು ಕೆಳಗಿಂದ "ಬಂತು, ಬಂತು, ಹೋತು" ಅಂತ ಒದರಬೇಕು. ಕನ್ನಡದ ಖಾಸಗಿ ಚಾನೆಲ್ ಇನ್ನೂ ಹುಟ್ಟಿರಲಿಲ್ಲ. ದಿಲ್ಲಿ ದೂರದರ್ಶನ ಏನು ಕೊಡತದೋ ಅದ ನಮಗ ಪ್ರಸಾದ. ಆವಾಗ ಬಂದ ಧಾರಾವಾಹಿ 'ಬ್ಯೋಮಕೇಶ ಬಕ್ಷಿ'.

ಮಾಡಿದವರು ಬಾಸು ಚಟರ್ಜಿ. 1985ರಾಗ ಪ್ರಿಯಾ ತೆಂಡುಲ್ಕರ್ ಅವರ 'ರಜನಿ' ಮಾಡಿದವರೂ ಅವರ. ಅಂಗಡಿಯವರನ್ನ, ಆಫೀಸಿನವರನ್ನ ನಿಲ್ಲಿಸಿ ಕೇಳುವ ಆ ಮನಿ ಹೆಣಮಗಳನ್ನ ಯಾರು ಮರೀತಾರ? ಬ್ಯೋಮಕೇಶನ ಪಾತ್ರಕ್ಕ ರಜಿತ್ ಕಪೂರ್, ಗೆಳೆಯ ಅಜಿತನ ಪಾತ್ರಕ್ಕ ಕೆ.ಕೆ. ರೈನಾ, ಹೆಂಡತಿ ಸತ್ಯವತಿಯಾಗಿ ಸುಕನ್ಯಾ ಕುಲಕರ್ಣಿ. ನಮ್ಮ ಅತ್ತಿಯವರಿಗೆ ಹಿಂದಿ ಅರ್ಧಮರ್ಧ ತಿಳೀತಿತ್ತು. ಆದ್ರ ಸುಕನ್ಯಾ ಮರಾಠಿ ಹುಡುಗಿ ಅಂತ ಗೊತ್ತಾದ ಮ್ಯಾಲೆ, "ನಮ್ಮ ಕಡೇದಾಕಿ" ಅಂತ ಮುಂದ ಬಂದು ಕುಂಡರತಿದ್ರು. ತಿಳೀಲಾರದ್ದು ನಾ ಕನ್ನಡದಾಗ ಹೇಳಬೇಕು. ಹೊಸಾ ಸೊಸಿ, ಅತ್ತಿ ಜೋಡಿ ಏನ ಮಾತಾಡಬೇಕು ಅಂತ ತಿಳೀದ ಒದ್ದಾಡತಿದ್ದೆ. ನಮ್ಮಿಬ್ಬರ ನಡುವ ಮಾತು ಶುರು ಮಾಡಿಸಿದಾಂವ ಬ್ಯೋಮಕೇಶ.

ಪತ್ತೇದಾರಿ ಕಥಿ ನನಗೇನು ಹೊಸಾದಲ್ಲ. ಎನ್. ನರಸಿಂಹಯ್ಯನವರ 'ಪತ್ತೇದಾರ ಪುರುಷೋತ್ತಮ' ಓದಲಾರದವರು ನಮ್ಮ ವಾರಿಗ್ಯಾಗ ಕಡಿಮಿ. ಸಾಲಿ ಭಾಳ ಕಲೀದ ಆ ಮನಷ್ಯಾ ಐನೂರಕ್ಕೂ ಹೆಚ್ಚು ಕಾದಂಬರಿ ಬರದು, ಕನ್ನಡದ ಎಷ್ಟೋ ಮಂದಿಗೆ ಓದೋ ಚಟ ಹಚ್ಚಿದರು. ತವರಮನ್ಯಾಗ ನಾ ಅವನ್ನ ಪಾಠದ ಪುಸ್ತಕದೊಳಗ ಇಟಗೊಂಡು ಓದೇನಿ. ಬಂಗಾಲದ ಕಥಿನೂ ನಮಗ ಹೊಸಾವಲ್ಲ. ನೂರು ವರ್ಷಕ್ಕೂ ಹಿಂದ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನ ಕನ್ನಡಕ್ಕ ತಂದಿದ್ದರು.

ಬ್ಯೋಮಕೇಶನೂ ಬಂಗಾಲದಾಂವ. ಅವನನ್ನ ಹುಟ್ಟಿಸಿದವರು ಶರದಿಂದು ಬಂದ್ಯೋಪಾಧ್ಯಾಯ, 1932ರಾಗ. 'ಪತ್ತೇದಾರ' ಅಂದ್ರ ಬ್ಯೋಮಕೇಶಗ ಸಿಟ್ಟು. ತಾನು 'ಸತ್ಯಾನ್ವೇಷಿ', ಸತ್ಯ ಹುಡುಕಾಂವ ಅಂತ ಹೇಳಕೋತಾನ. ಒಂದಿಷ್ಟು ಕಥಿ ಬರದ ಮ್ಯಾಲೆ ಶರದಿಂದು ಸುಮಾರು 15 ವರ್ಷ ಬ್ಯೋಮಕೇಶನನ್ನ ಕೈಬಿಟ್ಟಿದ್ದರು. 1938ರಾಗ ಅವರು ಸಿನಿಮಾ ಕಥಿ ಬರಿಲಿಕ್ಕೆ ಮುಂಬೈಗೆ ಬಂದರು. ಓದುಗರು ಬಿಡಲಿಲ್ಲ, ಮತ್ತ ಬರಸಿದರು. 1952ರಾಗ ಸಿನಿಮಾ ಕೆಲಸ ಸಾಕಂತ ಬಿಟ್ಟು ಪುಣೆಕ್ಕ ಬಂದು ನೆಲಸಿದರು.

ಈ ಸಂಗತಿ ತಿಳದಾಗ ನನಗ ಭಾಳ ಖುಷಿ ಆತ್ರಿ. 1956ರ ನವೆಂಬರ್ 1ರ ತನಕ ನಮ್ಮ ಬೆಳಗಾವಿ, ಖಾನಾಪುರ ಎಲ್ಲಾ ಮುಂಬೈ ರಾಜ್ಯದಾಗ ಇದ್ದುವಲ್ಲ? ಅಂದ್ರ ಬ್ಯೋಮಕೇಶನ ಎರಡನೇ ಜನ್ಮ ಆಗಿದ್ದು ನಾವಿದ್ದ ರಾಜ್ಯದಾಗ. ಕಲ್ಕತ್ತಾ ದೂರ ಇರಬಹುದು, ಪುಣೆ ನಮ್ಮ ಊರಾಗಿಂದ ಹೋಗೋ ರೈಲಿನ ಹಾದಿ. ಅತ್ತಿಯವರು "ನಮ್ಮ ಕಡೇದಾಕಿ" ಅಂದಿದ್ದು ಸತ್ಯವತಿಗೆ; ಬರದಾಂವ ಸೈತ ನಮ್ಮ ಕಡೆ ಬಂದು ಇದ್ದಾಂವ.

ಆ ಕಥಿಗಳಾಗ ಏನಿರತಿತ್ತು? ಮನಿ ಸಾಮಾನು ಇರತಿತ್ತು. ಸೈಕಲ್ ಗಂಟ್ಯಾಗಿಂದ ಗ್ರಾಮೊಫೋನ್ ಪಿನ್ ಹಾರಿಸಿ ಕೊಲ್ಲೋದು. ಮುದುಕನ ವಿಷದ ಚಟ ಬಿಡಸಲಿಕ್ಕೆ ಮನಿಮಂದಿ ಎಷ್ಟು ಕಾವಲು ಕಾದರೂ, ವಿಷ ಅವನ ಬರಿಯೋ ಮಸಿಯೊಳಗ ಇರೋದು. ಮೊದಲನೇ ಕಥಿ 'ಸತ್ಯಾನ್ವೇಷಿ'ಯಾಗ ಹೋಮಿಯೋಪಥಿ ಡಾಕ್ಟರ್ ಅನುಕೂಲ ಬಾಬು ಬಿಳೀ ಔಷಧದ ಪುಡಿಕ್ಯಾಗ ಕೊಕೇನ್ ಮಾರತಾನ. ಅಗದೀ ಸಾಧು ಮನಷ್ಯಾ, ಎಲ್ಲಾರಿಗೂ ಬೇಕಾದಾಂವ. ಅದನ್ನ ನೋಡಿದ ಮ್ಯಾಲೆ ಎಂಟು ದಿನ ನಮ್ಮ ಅತ್ತಿ ತಮ್ಮ ಸಕ್ಕರಿ ಗುಳಿಗಿ ಮೂಸಿ ಮೂಸಿ ನೋಡತಿದ್ರು!

ಈಗ ಸಿನಿಮಾದ ಮಾತು. 2015ರ ಏಪ್ರಿಲ್ 3ಕ್ಕ 'ಡಿಟೆಕ್ಟಿವ್ ಬ್ಯೋಮಕೇಶ ಬಕ್ಷಿ' ಬಂತು. ದಿಬಾಕರ್ ಬ್ಯಾನರ್ಜಿ ನಿರ್ದೇಶನ, ಯಶ್ ರಾಜ್‌ನವರ ರೊಕ್ಕ, ಸುಶಾಂತ್ ಸಿಂಗ್ ರಜಪೂತ್ ಬ್ಯೋಮಕೇಶ. ಮಗಳು ಆವಾಗ ಬೆಳಗಾವ್ಯಾಗ ಕಾಲೇಜು ಕಲೀತಿದ್ಲು. ಅತ್ತಿಯವರಿಗೆ ಮೊಣಕಾಲು ನೋವು, ಆದ್ರೂ "ನಾ ಬರಾಕಿನ" ಅಂತ ಇಳಕಲ್ ಸೀರಿ ಉಟಗೊಂಡು ಬಸ್ ಹತ್ತಿದರು. ಮೂರು ತಲಿಮಾರು ಒಟ್ಟಿಗೆ ಟಾಕೀಜಿನಾಗ.

ಶುರುವಾತು ಛಲೋ ಇತ್ತು. 1942-43ರ ಕಲ್ಕತ್ತಾ, ಟ್ರಾಮು, ಗ್ವಾಡಿ ಮ್ಯಾಗಿನ ಹಳೇ ಜಾಹೀರಾತು, ನೋಡಲಿಕ್ಕೆ ಎರಡು ಕಣ್ಣು ಸಾಲೂದಿಲ್ಲ. ಕಥಿನೂ ಅದ 'ಸತ್ಯಾನ್ವೇಷಿ'ಯ ಬೇರಿನದು, ಅದ ಅನುಕೂಲ ಬಾಬು. ಆದ್ರ ನಡಕೋತ ನಡಕೋತ ಜಪಾನಿನವರ ದಾಳಿ, ಚೀನಾದ ಗ್ಯಾಂಗು, ಮಹಾಯುದ್ಧದ ಸಂಚು, ಗಿಟಾರ್ ಹೊಡಿಯೋ ಹಾಡು, ಕಡೀಕ ರಕ್ತದ ಕೋಡಿ. ಪುಡಿಕ್ಯಾಗ ಕೊಕೇನ್ ಕಟ್ಟೋ ಓಣಿ ಡಾಕ್ಟರ್ ಇಲ್ಲೆ ದೇಶ-ದೇಶಾಂತರದ ರಾಕ್ಷಸ ಆಗಿಬಿಟ್ಟಿದ್ದ. ಸತ್ಯವತಿ ಬಂದು ಹೋದದ್ದ ತಿಳೀಲಿಲ್ಲ. ಅತ್ತಿಯವರು ಒಂದ ಮಾತು ಕೇಳಿದರು: "ಇವ ಚಾ ಯಾವಾಗ ಕುಡೀತಾನವಾ?"

ಮಗಳು ನಕ್ಕಳು. ನನಗ ನಗು ಬರಲಿಲ್ಲ. ಟಿವಿ ಬ್ಯೋಮಕೇಶ ಚಾ ಕುಡಕೋತ ಪೇಪರ್ ಓದತಿದ್ದ, ಹೆಂಡತಿ ಜೋಡಿ ಜಗಳಾಡತಿದ್ದ, ಸುಮ್ಮನ ಕುಂತು ವಿಚಾರ ಮಾಡತಿದ್ದ. ಆ ಸುಮ್ಮನ ಕುಂಡರೋದ ಪತ್ತೇದಾರಿಕಿ. ಅದನ್ನ ತಗದಬಿಟ್ಟರ ಉಳಿಯೋದು ಬರೇ ಓಡಾಟ.

ಬಸ್ಸಿನಾಗ ಬರೂಮುಂದ ಮಗಳು ಒಂದು ಖರೇ ಮಾತು ಹೇಳಿದ್ಲು. "ಅವ್ವಾ, ನೀ ಬಂಗಾಲಿ ಪುಸ್ತಕಾ ಓದೀ ಏನು? ನಿನ್ನ ಟಿವಿನೂ ನಕಲ ಅಲ್ಲೇನು?" ಹೌದಲ್ಲ! ಅದಕ್ಕ ನಾ ಆಮ್ಯಾಲೆ ಹುಡುಕಿ ಹುಡುಕಿ ಓದಿದೆ. ಸತ್ಯಜಿತ್ ರಾಯ್ ಅವರೂ 1967ರಾಗ ಉತ್ತಮ್ ಕುಮಾರ್ ಅವರನ್ನ ಹಾಕಿ 'ಚಿಡಿಯಾಖಾನಾ' ಮಾಡ್ಯಾರ. ಅಂದ್ರ ನಾ ಅಸಲು ಅಂತ ತಿಳದದ್ದಕ್ಕಿಂತ 26 ವರ್ಷ ಮೊದಲ ಇನ್ನೊಬ್ಬ ಬ್ಯೋಮಕೇಶ ಪರದೆ ಮ್ಯಾಲೆ ಬಂದು ಹೋಗಿದ್ದ. ಅವನನ್ನ ನೋಡಿದವರಿಗೆ ನಮ್ಮ ರಜಿತ್ ಕಪೂರನ ಹೊಸಬ. ಯಾವ ಕಥಿ ಮೊದಲ ನಮ್ಮ ಹೊಸ್ತಿಲ ದಾಟಿ ಒಳಗ ಬರತದೋ ಅದ ನಮಗ ಅಸಲು. ಇಷ್ಟು ಒಪ್ಪಕೋತೀನಿ. ಆದ್ರ ಪೂರಾ ಸೋಲೂದಿಲ್ಲ. ಯಾಕಂದ್ರ ಆ ಕೌದಿ ಸಾಕ್ಷಿ ಐತಿ.

ಧಾರಾವಾಹಿ ಬರತಿದ್ದ ದಿನಗಳಾಗ ನನ್ನ ಒಂದು ಬೆಂಡವಾಲಿ ಕಳೀತು. ತವರಿನವರು ಕೊಟ್ಟ ಬಂಗಾರ. ಮನ್ಯಾಗ ಭಾಂಡೆ ತಿಕ್ಕಲಿಕ್ಕೆ ಒಂದು ಹುಡುಗಿ ಬರತಿದ್ಲು, ಹದಿನಾಲ್ಕೋ ಹದಿನೈದೋ ವರ್ಷದಾಕಿ. ಎಲ್ಲಾರ ಕಣ್ಣು ಆಕಿ ಮ್ಯಾಲೆ ಬಿತ್ತು. ಸುಳ್ಳ್ಯಾಕ ಹೇಳಲಿ, ನಂದೂ ಬಿತ್ತು. ಆಕಿ ಅವ್ವನ್ನ ಕರಸೂಣು ಅಂತ ಮಾತು ನಡದಿತ್ತು. ಹುಡುಗಿ ಬಚ್ಚಲದಾಗ ನಿಂತು ಗಡಗಡ ನಡಗತಿದ್ಲು.

ಅತ್ತಿ ಎಲ್ಲಾರನ್ನೂ ಸುಮ್ಮನ ಮಾಡಿಸಿದರು. "ಮೊದಲ ನೋಡೂಣು, ಆಮ್ಯಾಲೆ ಮಾತಾಡೂಣು. ಆ ಬ್ಯೋಮಕೇಶ ಹಂಗ ಮಾಡತಾನಿಲ್ಲೋ?" ಅಂದರು. ನನ್ನನ್ನ ಕೂಡಿಸಿ, ಮುಂಜಾನಿಂದ ಏನೇನ ಕೆಲಸಾ ಮಾಡಿದಿ ಅಂತ ಒಂದೊಂದ ಕೇಳಿದರು. ಕೌದಿ ಹೊಲಿಲಿಕ್ಕೆ ಕುಂತ ಜಾಗಾದಾಗ ಕಸಬರಗಿ ಆಡಿಸಿದರ ದಾರದ ತುಂಡಿನಾಗ ಬೆಂಡವಾಲಿ ತಿರಪು ಸಿಕ್ಕಿತು. "ತಿರಪು ಇಲ್ಲೆ ಐತಿ ಅಂದ್ರ ವಾಲಿ ದೂರ ಹೋಗಿಲ್ಲ" ಅಂತ ಕೌದಿ ಒತ್ತಿ ಒತ್ತಿ ನೋಡಿ, ಮೂಲಿ ಬಿಚ್ಚಿಸಿದರು. ಎರಡು ಹಳೇ ಸೀರಿ ಪದರಿನ ನಡುವ ಅದು ಕುಂತಿತ್ತು. ನಾನ ಅದನ್ನ ಒಳಗಿಟ್ಟು ಹೊಲದಿದ್ದೆ.

ಆ ಹುಡುಗಿ ಈಗ ಅಜ್ಜಿ ಆಗ್ಯಾಳ, ಹಬ್ಬಕ್ಕ ಬರತಾಳ. ನಮಗ ಜಪಾನಿನ ಸಂಚು ಬೇಕಾಗಿರಲಿಲ್ಲ. ಒಂದು ಬೆಂಡವಾಲಿಯೊಳಗ ಒಂದು ಹೆಣಮಗಳ ಮಾನ ಇತ್ತು, ಅದಕ್ಕ ಸತ್ಯ ಬೇಕಾಗಿತ್ತು. ಸಣ್ಣ ಸಂಗತಿ ಸಾಲೂದಿಲ್ಲ ಅಂತ ಸಿನಿಮಾದವರು ತಿಳದರಲ್ಲ, ನನ್ನ ಬ್ಯಾಸರಿಕಿ ಅದರದ.

2020ರಾಗ ಲಾಕ್‌ಡೌನ್ ಬಿದ್ದಾಗ ದೂರದರ್ಶನದವರು ಹಳೇ ಬ್ಯೋಮಕೇಶನನ್ನ ಮತ್ತ ತೋರಿಸಿದರು. ಅತ್ತಿಯವರಿಗೆ ಕಣ್ಣು ಮಂದ, ಕಿವಿ ಮಂದ. ನಾ ಮತ್ತ ಮೊದಲಿನಂಗ ಬಾಜೂಕ ಕುಂತು ಕಿವ್ಯಾಗ ಹೇಳಿದೆ. ಅದ ವರ್ಷ ಜೂನ್ 4ಕ್ಕ ಬಾಸು ಚಟರ್ಜಿ ಹೋದರು. ಹತ್ತ ದಿನದಾಗ ಆ ಹುಡುಗ ಸುಶಾಂತ್ ಸೈತ ಹೋದ. ಸುದ್ದಿ ಕೇಳಿ ಅತ್ತಿ, "ಪಾಪ, ಆ ಹುಡುಗನ ತಪ್ಪೇನಿತ್ತು, ಹೇಳಿದಂಗ ಮಾಡಿದ" ಅಂತ ಕಣ್ಣೀರು ಒರಸಿಕೊಂಡರು. ಮುಂದಿನ ವರ್ಷ ಅವರೂ ಇಲ್ಲ.

ಮಗಳು ಆ ಸೊಟ್ಟ ಹೊಲಿಗಿ ಬಿಚ್ಚಿ ಸರಿ ಹೊಲೀತೀನಿ ಅಂದ್ಲು. ಬ್ಯಾಡ ಅಂದೆ. ಇರ್ಲಿ ಹಂಗ.